ಆನ್‌ಲೈನ್ ಪಾಠಗಳಲ್ಲಿ ಧ್ವನಿ ಕೇಳಿಸದಿರುವಿಕೆ: ಬ್ರೌಸರ್‌ವಾರು ಕಾರಣಗಳು ಮತ್ತು ಪರಿಹಾರ ಕ್ರಮಗಳು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

1. ಪೀಠಿಕೆ

ಪಂಚಾಯತಿ ಪ್ರತಿನಿಧಿಗಳ ತರಬೇತಿಯಲ್ಲಿ ಧ್ವನಿಗೆ ಮೊದಲಿನಿಂದಲೂ ಪ್ರಧಾನ ಸ್ಥಾನವಿದೆ. ಅಂತರ್ಜಾಲವು ಹಳ್ಳಿಗಳನ್ನು ತಲುಪುವುದಕ್ಕೆ ಮುನ್ನವೇ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿಂದ ಉಪಗ್ರಹದ ಮೂಲಕ ತರಬೇತಿಗಳು ನಡೆದಿವೆ. ಇಂದು ಆ ಸಂಸ್ಥೆಯು ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹೊತ್ತಿದೆ. ಆ ತರಬೇತಿಗಳಲ್ಲಿ ದೃಶ್ಯವು ಏಕಮುಖವಾಗಿದ್ದು, ಧ್ವನಿಯು ದ್ವಿಮುಖವಾಗಿತ್ತು. ಸದಸ್ಯರು ಸಂಪನ್ಮೂಲ ವ್ಯಕ್ತಿಗಳನ್ನು ಪರದೆಯ ಮೇಲೆ ಕಾಣುತ್ತಿದ್ದರು; ತಮ್ಮ ಸಂದೇಹಗಳನ್ನು ಮಾತಿನಲ್ಲಿಯೇ ಕೇಳಿ ಉತ್ತರ ಪಡೆಯುತ್ತಿದ್ದರು.

ಈಗ ಪಾಠಗಳು ಅಂಗೈಯಲ್ಲಿನ ಮೊಬೈಲಿಗೂ ಗ್ರಾಮ ಪಂಚಾಯತಿಯ ಗಣಕಯಂತ್ರಕ್ಕೂ ನೇರವಾಗಿ ಬರುತ್ತಿವೆ. ಅನುಕೂಲ ಹೆಚ್ಚಿದಂತೆ ಹೊಸ ತೊಡಕೊಂದೂ ಬಂದಿದೆ. ಪಾಠ ತೆರೆಯುತ್ತದೆ, ಚಿತ್ರ ಚಲಿಸುತ್ತದೆ, ಆದರೆ ಮಾತು ಕೇಳಿಸುವುದಿಲ್ಲ. ಅದೇ ಪಾಠ ಪಕ್ಕದವರ ಮೊಬೈಲಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಇಂತಹ ಸಂದರ್ಭದಲ್ಲಿ ಕಲಿಯುವವರು ‘ಪಾಠವೇ ಕೆಟ್ಟಿದೆ’ ಎಂದೋ ‘ಈ ಯಂತ್ರವಿದ್ಯೆ ನಮ್ಮಿಂದಾಗದು’ ಎಂದೋ ಭಾವಿಸಿ ಕೈಬಿಡುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಈ ಎರಡೂ ತೀರ್ಮಾನಗಳು ತಪ್ಪು. ಪಾಠವೂ ಸರಿಯಿರುತ್ತದೆ, ಕಲಿಯುವವರೂ ಸಮರ್ಥರಿರುತ್ತಾರೆ; ನಡುವೆ ಇರುವ ಬ್ರೌಸರ್ ಎಂಬ ತಂತ್ರಾಂಶವು ತನ್ನದೇ ನಿಯಮದಂತೆ ಧ್ವನಿಯನ್ನು ತಡೆದಿರುತ್ತದೆ. ಆ ನಿಯಮಗಳನ್ನು ತಿಳಿದು, ತಡೆಯನ್ನು ಕ್ರಮವಾಗಿ ಪತ್ತೆ ಹಚ್ಚುವ ವಿಧಾನವನ್ನು ಅರಿಯುವುದೇ ಈ ಪಾಠದ ಉದ್ದೇಶ.

2. ಧ್ವನಿ ಇಲ್ಲದ ಪಾಠದಿಂದಾಗುವ ನಷ್ಟ

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತಾ ಪ್ರಮಾಣ ಶೇ. 60ಕ್ಕಿಂತ ತುಸು ಕಡಿಮೆ. ಮಹಿಳೆಯರಲ್ಲಿ ಅದು ಶೇ. 50ನ್ನೂ ಮುಟ್ಟಿರಲಿಲ್ಲ. ಇದೇ ಜಿಲ್ಲೆಯ ಗ್ರಾಮ ಪಂಚಾಯತಿಗಳಲ್ಲಿ, ರಾಜ್ಯದ ಇತರೆಡೆಗಳಂತೆ, ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದುದರಿಂದ ದೇವದುರ್ಗ, ಮಾನ್ವಿ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಓದಿ ಕಲಿಯುವುದಕ್ಕಿಂತ ಕೇಳಿ ಕಲಿಯುವುದನ್ನೇ ನೆಚ್ಚಿಕೊಂಡ ಸದಸ್ಯರು ಇರುವುದು ಸಹಜ. ಅವರಿಗೆ ಧ್ವನಿಯೇ ಪಠ್ಯಪುಸ್ತಕ. ಧ್ವನಿ ನಿಂತರೆ ಪಾಠವೇ ನಿಂತಂತೆ.

ಓದು ಬಲ್ಲವರಿಗೂ ನಷ್ಟ ತಪ್ಪಿದ್ದಲ್ಲ. ಇದಕ್ಕೆ ಒಂದು ಕಲ್ಪಿತ ನಿದರ್ಶನವನ್ನು ನೋಡಬಹುದು. 15ನೇ ಹಣಕಾಸು ಆಯೋಗದ 2021-22ರಿಂದ 2025-26ರವರೆಗಿನ ಅನುದಾನವನ್ನು ಕುರಿತ ಪಾಠವೊಂದರಲ್ಲಿ, ಪರದೆಯ ಮೇಲೆ ‘ಶೇ. 60 ನಿರ್ಬಂಧಿತ, ಶೇ. 40 ಅನಿರ್ಬಂಧಿತ’ ಎಂಬ ಎರಡು ಅಂಕಿಗಳು ಮಾತ್ರ ಕಾಣಿಸುತ್ತವೆ ಎಂದುಕೊಳ್ಳೋಣ. ನಿರ್ಬಂಧಿತ ಭಾಗದ ಅರ್ಧವು ಕುಡಿಯುವ ನೀರು, ಮಳೆನೀರು ಸಂಗ್ರಹ ಮುಂತಾದವುಗಳಿಗೆ, ಇನ್ನರ್ಧವು ನೈರ್ಮಲ್ಯಕ್ಕೆ ಮೀಸಲು ಎಂಬುದನ್ನು, ಅನಿರ್ಬಂಧಿತ ಭಾಗದಿಂದಲೂ ವೇತನ ಹಾಗೂ ಸಿಬ್ಬಂದಿ ವೆಚ್ಚ ಭರಿಸುವಂತಿಲ್ಲ ಎಂಬುದನ್ನು ಸಂಪನ್ಮೂಲ ವ್ಯಕ್ತಿ ಬಾಯಿಮಾತಿನಲ್ಲಿ ವಿವರಿಸುತ್ತಾರೆ. ಧ್ವನಿಯಿಲ್ಲದೆ ಪಾಠ ನೋಡಿದ ಸದಸ್ಯರಿಗೆ ‘ಶೇ. 40 ನಮ್ಮ ಇಚ್ಛೆಗೆ ಬಿಟ್ಟದ್ದು’ ಎಂಬ ಅರೆತಿಳಿವಳಿಕೆ ಮಾತ್ರ ಉಳಿಯುತ್ತದೆ. ಆ ಅರೆತಿಳಿವಳಿಕೆಯ ಮೇಲೆ ಕ್ರಿಯಾ ಯೋಜನೆಗೆ ಒಪ್ಪಿಗೆ ನೀಡಿದರೆ ಅದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯಾಗಿ ಮರಳಿ ಬರಬಹುದು.

ಮತ್ತೊಂದು ಅಂಶವೂ ಗಮನಾರ್ಹ. ಹಲವು ತರಬೇತಿ ತಾಣಗಳಲ್ಲಿ ದೃಶ್ಯ ಕೊನೆ ಮುಟ್ಟಿದರೆ ‘ಪೂರ್ಣಗೊಂಡಿದೆ’ ಎಂದು ದಾಖಲಾಗುತ್ತದೆ. ಮಾತು ಕಿವಿಗೆ ಬಿದ್ದಿತೋ ಇಲ್ಲವೋ ಎಂಬುದು ಯಂತ್ರಕ್ಕೆ ತಿಳಿಯದು. ಕೇಳದ ಪಾಠಕ್ಕೆ ಪ್ರಮಾಣಪತ್ರ ದೊರೆತರೂ ಸಭೆಯಲ್ಲಿ ಅದು ನೆರವಿಗೆ ಬಾರದು.

3. ಧ್ವನಿ ಸಾಗಿ ಬರುವ ದಾರಿ

ಊರಿನ ನೀರು ಸರಬರಾಜಿನ ಹೋಲಿಕೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ಮೇಲ್ಮಟ್ಟದ ತೊಟ್ಟಿ, ಕೊಳವೆ, ವಾಲ್ವ್, ನಲ್ಲಿ ಎಂಬ ನಾಲ್ಕು ಹಂತಗಳನ್ನು ದಾಟಿ ನೀರು ಮನೆಗೆ ಬರುತ್ತದೆ. ಆನ್‌ಲೈನ್ ಪಾಠದ ಧ್ವನಿಯೂ ಹಾಗೆಯೇ. ಪಾಠದ ಕಡತವನ್ನು ಇರಿಸಿರುವ ದೂರದ ಸರ್ವರ್ ತೊಟ್ಟಿಯಿದ್ದಂತೆ. ಮೊಬೈಲ್ ಜಾಲ ಅಥವಾ ಭಾರತ್‌ನೆಟ್ ಸಂಪರ್ಕ ಕೊಳವೆಯಿದ್ದಂತೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಮೊದಲಾದ ಬ್ರೌಸರ್‌ಗಳು ವಾಲ್ವ್ ಇದ್ದಂತೆ. ಸ್ಪೀಕರ್ ಅಥವಾ ಇಯರ್‌ಫೋನ್ ನಲ್ಲಿಯಿದ್ದಂತೆ.

ನಲ್ಲಿಯಲ್ಲಿ ನೀರು ಬಾರದಿದ್ದರೆ ಅನುಭವಿ ನೀರಗಂಟಿ ಮೊದಲಿಗೇ ರಸ್ತೆ ಅಗೆಯುವುದಿಲ್ಲ. ಪಕ್ಕದ ಮನೆಯಲ್ಲಿ ನೀರು ಬರುತ್ತಿದೆಯೇ ಎಂದು ಕೇಳಿ, ವಾಲ್ವ್ ತೆರೆದಿದೆಯೇ ಎಂದು ನೋಡುತ್ತಾನೆ. ಪಾಠದ ಧ್ವನಿ ಹುಡುಕುವಾಗಲೂ ಇದೇ ವಿವೇಕ ಬೇಕು.

4. ಒಂದೇ ಪಾಠ ಬೇರೆ ಬೇರೆ ಬ್ರೌಸರ್‌ಗಳಲ್ಲಿ ಬೇರೆಯಾಗಿ ವರ್ತಿಸಲು ಕಾರಣಗಳು

4.1 ತಾನಾಗಿ ಹೊರಡುವ ಧ್ವನಿಗೆ ತಡೆ

ಪುಟ ತೆರೆದೊಡನೆ ಜಾಹೀರಾತುಗಳು ಗಟ್ಟಿಯಾಗಿ ಕೂಗುವುದನ್ನು ತಪ್ಪಿಸಲು, ಬಳಕೆದಾರರು ಕೇಳಿಕೊಳ್ಳದೆ ಯಾವ ಪುಟವೂ ಶಬ್ದ ಮಾಡಬಾರದೆಂಬ ನಿಯಮವನ್ನು ಬ್ರೌಸರ್‌ಗಳು ಒಂದೊಂದಾಗಿ ಜಾರಿಗೆ ತಂದವು. ಆಪಲ್ ಸಂಸ್ಥೆಯ ಸಫಾರಿ 2017ರಲ್ಲಿ, ಗೂಗಲ್ ಸಂಸ್ಥೆಯ ಕ್ರೋಮ್ 2018ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2019ರ ಮಾರ್ಚ್‌ನಲ್ಲಿ ಈ ತಡೆಯನ್ನು ಅಳವಡಿಸಿಕೊಂಡವು. ಶಬ್ದವಿಲ್ಲದ ಚಿತ್ರಕ್ಕೆ ಈ ತಡೆ ಸಾಮಾನ್ಯವಾಗಿ ಅನ್ವಯಿಸದು. ಚಿತ್ರ ಓಡುತ್ತಿದ್ದರೂ ಮಾತು ಕೇಳಿಸದಿರುವುದಕ್ಕೆ ಇದೇ ಮುಖ್ಯ ಕಾರಣ.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಪುಟ ತೆರೆದೊಡನೆ ಮಾತು ಆರಂಭವಾಗುವಂತೆ ರಚಿಸಿದ ಪಾಠಗಳೂ ಇದಕ್ಕೆ ಸಿಲುಕಿದವು. ಪರಿಹಾರ ಸರಳ: ಪಾಠದ ಚೌಕಟ್ಟಿನ ಒಳಗೆ ಒಮ್ಮೆ ಒತ್ತಬೇಕು, ಧ್ವನಿವರ್ಧಕದ ಗುರುತಿನ ಮೇಲೆ ಅಡ್ಡಗೆರೆ ಇದ್ದರೆ ಅದನ್ನೂ ಒತ್ತಿ ತೆಗೆಯಬೇಕು. ಇಲ್ಲಿ ‘ಒಳಗೆ’ ಎಂಬ ಮಾತು ಮುಖ್ಯ. ಕೆಲವು ತಾಣಗಳಲ್ಲಿ ಹೊರಪುಟ ಒಂದು ಸರ್ವರ್‌ನಿಂದಲೂ ಪಾಠದ ಚೌಕಟ್ಟು ಮತ್ತೊಂದು ಸರ್ವರ್‌ನಿಂದಲೂ ಬರುತ್ತದೆ. ಆಗ ಹೊರಪುಟದಲ್ಲಿ ಒತ್ತಿದ್ದನ್ನು ಬ್ರೌಸರ್ ಒಳಗಿನ ಪಾಠಕ್ಕೆ ಕೊಟ್ಟ ಅನುಮತಿ ಎಂದು ಪರಿಗಣಿಸದಿರಬಹುದು.

ಡೇಟಾ ಎಂಟ್ರಿ ಆಪರೇಟರ್ ಅವರ ಗಣಕಯಂತ್ರದಲ್ಲಿ ತಾನಾಗಿ ಮಾತನಾಡಿದ ಪಾಠವು ಸದಸ್ಯರ ಬಳಿ ಮೌನವಾಗಿರುವುದಕ್ಕೂ ಇಲ್ಲಿಯೇ ಉತ್ತರವಿದೆ. ಗಣಕಯಂತ್ರದಲ್ಲಿನ ಕ್ರೋಮ್, ಬಳಕೆದಾರರು ಯಾವ ತಾಣದಲ್ಲಿ ಆಗಾಗ್ಗೆ ಧ್ವನಿ ಕೇಳುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡು, ಅಂತಹ ತಾಣಕ್ಕೆ ತಾನಾಗಿ ಧ್ವನಿ ಹೊರಡಿಸಲು ಅವಕಾಶ ಕೊಡುತ್ತದೆ. ದಿನವೂ ತಾಣವನ್ನು ಬಳಸುವವರಿಗೆ ಸಿಗುವ ಈ ಸಲುಗೆ ಮೊದಲ ಸಲ ತೆರೆಯುವವರಿಗೆ ಸಿಗುವುದಿಲ್ಲ. ಇದು ಯಂತ್ರದ ದೋಷವಲ್ಲ, ಸದಸ್ಯರ ದೋಷವೂ ಅಲ್ಲ.

4.2 ಧ್ವನಿ ಕಡತದ ರೂಪ

ಒಂದೇ ಮಾತನ್ನು ಹಲವು ಲಿಪಿಗಳಲ್ಲಿ ಬರೆಯಬಹುದಾದಂತೆ, ಒಂದೇ ಧ್ವನಿಯನ್ನು ಹಲವು ರೂಪದ ಕಡತಗಳಲ್ಲಿ ಸಂಗ್ರಹಿಸಬಹುದು. ಎಂಪಿ3, ಎಎಸಿ, ಆಗ್, ಓಪಸ್ ಎಂಬುವು ಅಂತಹ ರೂಪಗಳು. ಬ್ರೌಸರ್‌ಗೆ ಆ ‘ಲಿಪಿ’ ಬಾರದಿದ್ದರೆ ಅದು ಧ್ವನಿಯನ್ನು ಓದಲಾರದು. ಎಂಪಿ3 ಇಂದು ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿಯೂ ಕೇಳಿಸುತ್ತದೆ. ಆಗ್ ರೂಪದ ಕಡತಗಳು ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಬಹುಕಾಲದಿಂದ ಕೇಳಿಸುತ್ತಿದ್ದರೂ ಸಫಾರಿಯ ಹಳೆಯ ಆವೃತ್ತಿಗಳಲ್ಲಿ ಕೇಳಿಸುವುದಿಲ್ಲ. ಲಿನಕ್ಸ್ ಗಣಕಯಂತ್ರಗಳಲ್ಲಿ ಫೈರ್‌ಫಾಕ್ಸ್ ಬಳಸಿದಾಗ ಎಎಸಿ ಧ್ವನಿಗೆ ಯಂತ್ರದಲ್ಲಿ ಬೇರೆ ಸಹಾಯಕ ತಂತ್ರಾಂಶ ಇರಬೇಕಾಗುತ್ತದೆ.

ಇದರ ಲಕ್ಷಣವೂ ಬೇರೆ. ತಡೆಯಿಂದ ನಿಂತ ಧ್ವನಿ ಒಮ್ಮೆ ಒತ್ತಿದರೆ ಬರುತ್ತದೆ. ರೂಪ ಹೊಂದದ ಧ್ವನಿ ಎಷ್ಟು ಒತ್ತಿದರೂ ಬಾರದು. ಬ್ರೌಸರ್ ಬದಲಿಸಿದರೆ ಮಾತ್ರ ಬರುತ್ತದೆ. ಶಾಶ್ವತ ಪರಿಹಾರವು ಪಾಠ ಸಿದ್ಧಪಡಿಸಿದವರ ಕೈಯಲ್ಲಿದೆ.

4.3 ಹಳೆಯ ಪಾಠ, ಹಳೆಯ ಯಂತ್ರ

ಹಿಂದೆ ಅನೇಕ ಪಾಠಗಳನ್ನು ಅಡೋಬಿ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ರಚಿಸಲಾಗುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಕೊನೆಗೊಂಡಿತು. ಆ ಪಾಠಗಳನ್ನು ಹೊಸ ರೂಪಕ್ಕೆ ಪರಿವರ್ತಿಸದಿದ್ದರೆ ಇಂದಿನ ಯಾವ ಬ್ರೌಸರ್‌ನಲ್ಲಿಯೂ ಅವು ನಡೆಯುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ 2022ರ ಜೂನ್ 15ರಂದು ನಿವೃತ್ತಿಯಾಯಿತು. ಹಳೆಯ ಗಣಕಯಂತ್ರದ ಪರದೆಯ ಮೇಲೆ ಅದರ ಗುರುತು ಇನ್ನೂ ಇದ್ದರೂ ಪಾಠ ನೋಡಲು ಅದನ್ನು ಬಳಸಬಾರದು.

ವಿಂಡೋಸ್ 7 ಇರುವ ಗಣಕಯಂತ್ರಗಳಿಗೆ ಕ್ರೋಮ್‌ನ ಹೊಸ ಆವೃತ್ತಿಗಳು 2023ರ ಆರಂಭದಿಂದ ದೊರೆಯುತ್ತಿಲ್ಲ. 109ನೇ ಆವೃತ್ತಿಯೇ ಅವುಗಳಿಗೆ ಕೊನೆಯದು. ಅಂತಹ ಯಂತ್ರದಲ್ಲಿ ಇಂದು ಕೇಳಿಸುವ ಪಾಠ ನಾಳೆ ಕೇಳಿಸದೆ ಹೋಗಬಹುದು. ತಾತ್ಕಾಲಿಕವಾಗಿ ಮೊಬೈಲಿನಲ್ಲಿ ಕಲಿಕೆ ಮುಂದುವರಿಸಿ, ಯಂತ್ರದ ಬದಲಾವಣೆಯ ವಿಷಯವನ್ನು ಸಾಮಾನ್ಯ ಸಭೆಯ ಮುಂದೆ ತರುವುದು ಯುಕ್ತ.

4.4 ಸುರಕ್ಷತಾ ನಿಯಮ ಮತ್ತು ಯಂತ್ರದ ದಿನಾಂಕ

ಸುರಕ್ಷಿತ ವಿಳಾಸದ ಪುಟದೊಳಗೆ ಅಸುರಕ್ಷಿತ ವಿಳಾಸದ ಧ್ವನಿ ಕಡತವನ್ನು ಸೇರಿಸಿದ್ದರೆ, ಕ್ರೋಮ್ 2020ರಿಂದ ಆ ಕಡತವನ್ನು ಸುರಕ್ಷಿತ ವಿಳಾಸದಲ್ಲಿಯೇ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಧ್ವನಿಯನ್ನು ಬಿಟ್ಟುಬಿಡುತ್ತದೆ. ಇದನ್ನು ಸರಿಪಡಿಸಬೇಕಾದವರು ತಾಣದ ನಿರ್ವಾಹಕರು.

ಆದರೆ ಪಂಚಾಯತಿಯಲ್ಲಿಯೇ ಸರಿಪಡಿಸಬಹುದಾದ ಕಾರಣವೊಂದಿದೆ. ಹಳೆಯ ಗಣಕಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದಾಗ ತಾಣದ ಸುರಕ್ಷತಾ ಪ್ರಮಾಣಪತ್ರವನ್ನು ಬ್ರೌಸರ್ ನಂಬುವುದಿಲ್ಲ. ಪುಟವಾಗಲಿ ಧ್ವನಿಯಾಗಲಿ ತೆರೆಯದು. ವಿದ್ಯುತ್ ಪದೇ ಪದೇ ನಿಲುಗಡೆಯಾಗುವ ಊರುಗಳಲ್ಲಿ ಪರದೆಯ ಮೂಲೆಯಲ್ಲಿನ ದಿನಾಂಕವನ್ನು ಮೊದಲು ನೋಡುವುದು ಒಳ್ಳೆಯ ರೂಢಿ. ಆ ಬ್ಯಾಟರಿಯ ಬೆಲೆ ಅತ್ಯಲ್ಪ.

5. ಬ್ರೌಸರ್‌ವಾರು ಪರಿಶೀಲನೆ

ಕ್ರೋಮ್: ಗಣಕಯಂತ್ರದಲ್ಲಿ ಪುಟದ ತಲೆಪಟ್ಟಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿದಾಗ ‘ಅನ್‌ಮ್ಯೂಟ್ ಸೈಟ್’ ಎಂದು ಕಂಡರೆ ಧ್ವನಿ ಮುಚ್ಚಿದೆ ಎಂದರ್ಥ, ಅದನ್ನು ಒತ್ತಬೇಕು. ವಿಳಾಸಪಟ್ಟಿಯ ಎಡಭಾಗದ ಗುರುತನ್ನು ಒತ್ತಿ, ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ‘ಸೌಂಡ್’ ಎದುರು ‘ಅಲೋ’ ಎಂದಿದೆಯೇ ನೋಡಬೇಕು. ಮೊಬೈಲಿನಲ್ಲಿ ಮೂರು ಚುಕ್ಕಿಗಳ ಪಟ್ಟಿಯಿಂದ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಸೌಂಡ್ ಎಂಬ ಕ್ರಮದಲ್ಲಿ ಹೋಗಬೇಕು.

ಎಡ್ಜ್: 2020ರ ಜನವರಿಯಿಂದ ಇದು ಕ್ರೋಮ್‌ನ ಮೂಲ ತಂತ್ರಾಂಶದ ಮೇಲೆಯೇ ರಚಿತವಾಗಿರುವುದರಿಂದ ವಿಧಾನ ಬಹುತೇಕ ಅದೇ. ಹೆಚ್ಚುವರಿಯಾಗಿ, ಸೆಟ್ಟಿಂಗ್ಸ್‌ನಲ್ಲಿನ ‘ಮೀಡಿಯಾ ಆಟೋಪ್ಲೇ’ ಎಂಬ ಆಯ್ಕೆಯನ್ನು ಪರಿಶೀಲಿಸಬಹುದು.

ಫೈರ್‌ಫಾಕ್ಸ್: ಧ್ವನಿ ತಡೆದಾಗ ವಿಳಾಸಪಟ್ಟಿಯ ಎಡಭಾಗದಲ್ಲಿ ಅಡ್ಡಗೆರೆಯುಳ್ಳ ಗುರುತು ಕಾಣಿಸುತ್ತದೆ. ಅದನ್ನು ಒತ್ತಿ, ಆ ತಾಣಕ್ಕೆ ಮಾತ್ರ ‘ಅಲೋ ಆಡಿಯೋ ಆ್ಯಂಡ್ ವಿಡಿಯೋ’ ಎಂಬುದನ್ನು ಆರಿಸಬೇಕು.

ಸಫಾರಿ: ಆಪಲ್ ಗಣಕಯಂತ್ರದಲ್ಲಿ ‘ಸೆಟ್ಟಿಂಗ್ಸ್ ಫಾರ್ ದಿಸ್ ವೆಬ್‌ಸೈಟ್’ ಎಂಬಲ್ಲಿ ‘ಆಟೋ-ಪ್ಲೇ’ ಆಯ್ಕೆಯನ್ನು ಬದಲಿಸಬೇಕು. ಐಫೋನಿನಲ್ಲಿ ನಿಶ್ಶಬ್ದ ಸ್ಥಿತಿ ಇದ್ದಾಗ ಕೆಲವು ಬಗೆಯ ಪಾಠಗಳ ಧ್ವನಿ ಕೇಳಿಸುವುದಿಲ್ಲ, ಅದನ್ನೂ ನೋಡಬೇಕು. ಭಾರತದಲ್ಲಿ ಐಫೋನಿನ ಕ್ರೋಮ್ ಕೂಡ ಒಳಗೆ ಸಫಾರಿಯ ಯಂತ್ರಾಂಶವನ್ನೇ ಬಳಸುವುದರಿಂದ, ಅಲ್ಲಿ ಬ್ರೌಸರ್ ಬದಲಿಸಿದರೆ ಹೆಚ್ಚಿನ ಪ್ರಯೋಜನವಾಗದು.

6. ಬ್ರೌಸರ್‌ನ ಹೊರಗಿನ ಕಾರಣಗಳು

ಅ) ಮೊಬೈಲಿನಲ್ಲಿ ಕರೆಯ ರಿಂಗಣದ ಧ್ವನಿಮಟ್ಟ ಬೇರೆ, ಪಾಠ ಹಾಗೂ ಹಾಡುಗಳ ಧ್ವನಿಮಟ್ಟ ಬೇರೆ. ಮೊದಲನೆಯದು ಜೋರಾಗಿದ್ದು ಎರಡನೆಯದು ಶೂನ್ಯವಾಗಿರಬಹುದು.

ಆ) ಹಿಂದೆ ಜೋಡಿಸಿದ್ದ ಬ್ಲೂಟೂತ್ ಸ್ಪೀಕರ್ ಪಕ್ಕದ ಕೋಣೆಯಲ್ಲಿ ಚಾಲನೆಯಲ್ಲಿದ್ದರೆ ಮಾತು ಅಲ್ಲಿ ಕೇಳಿಸುತ್ತಿರಬಹುದು.

ಇ) ಹಿನ್ನೆಲೆ ಸಂಗೀತ ಕೇಳಿಸುತ್ತಿದ್ದು ಮಾತು ಮಾತ್ರ ಕ್ಷೀಣವಾಗಿದ್ದರೆ ಇಯರ್‌ಫೋನಿನ ಪಿನ್ ಪೂರ್ತಿ ಒಳಹೋಗಿಲ್ಲ ಎಂದು ಸಂಶಯಿಸಬೇಕು. ಎರಡೂ ಕಿವಿಗಳಿಗೆ ಸಮನಾಗಿ ಬರಬೇಕಾದ ಮಾತು, ಅರ್ಧ ಸಿಕ್ಕಿಸಿದ ಪಿನ್ನಿನಲ್ಲಿ ಒಂದಕ್ಕೊಂದು ಕಳೆದುಹೋಗುತ್ತದೆ. ಎರಡು ಕಿವಿಗಳಲ್ಲಿ ಭಿನ್ನವಾಗಿರುವ ಸಂಗೀತ ಉಳಿಯುತ್ತದೆ. ಪಿನ್ನನ್ನು ಒತ್ತಿ ಸೇರಿಸಿದರೆ ಸಾಕು.

ಈ) ಮಾತು ಬಂದು ಬಂದು ನಿಲ್ಲುತ್ತಿದ್ದರೆ ದೋಷ ಜಾಲದ್ದು. ಚಿತ್ರದ ಗುಣಮಟ್ಟ ಕಡಿಮೆ ಮಾಡಿದರೆ ಮಾತು ಸುಗಮವಾಗುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಧ್ವನಿಗೆ ಒಂದು ಗಂಟೆಗೆ ಸುಮಾರು 29 ಎಂಬಿ ಡೇಟಾ ಸಾಕು. ಸೆಕೆಂಡಿಗೆ 500 ಕಿಲೋಬಿಟ್ ವೇಗದ ಸಾಧಾರಣ ದೃಶ್ಯಕ್ಕೆ ಸುಮಾರು 225 ಎಂಬಿ ಬೇಕಾಗುತ್ತದೆ. ಧ್ವನಿ ಮಾತ್ರದ ಕಡತ ಲಭ್ಯವಿದ್ದರೆ ದುರ್ಬಲ ಸಂಪರ್ಕದ ಊರುಗಳಿಗೆ ಅದೇ ಲೇಸು.

7. ಮೂರು ಹೋಲಿಕೆಗಳ ಪರೀಕ್ಷೆ

ಮೇಲಿನ ಕಾರಣಗಳನ್ನೆಲ್ಲ ನೆನಪಿಡಲು ಆಗದಿದ್ದರೂ ಮೂರು ಹೋಲಿಕೆಗಳನ್ನು ನೆನಪಿಟ್ಟರೆ ದೋಷವು ಯಾವ ಹಂತದಲ್ಲಿದೆ ಎಂಬುದು ತಿಳಿಯುತ್ತದೆ.

ಮೊದಲನೆಯದು: ಅದೇ ಬ್ರೌಸರ್‌ನಲ್ಲಿ ಬೇರೊಂದು ತಾಣದ ಧ್ವನಿಯನ್ನು ಕೇಳಿ ನೋಡುವುದು. ಅದೂ ಕೇಳಿಸದಿದ್ದರೆ ದೋಷವನ್ನು ಮೊದಲು ಸ್ಪೀಕರ್, ಇಯರ್‌ಫೋನ್ ಅಥವಾ ಧ್ವನಿಮಟ್ಟದಲ್ಲಿ ಹುಡುಕಬೇಕು. ಕೇಳಿಸಿದರೆ ಯಂತ್ರ ಸರಿಯಿದೆ. ಪಾಠದ ಒಳಗೆ ಒಮ್ಮೆ ಒತ್ತಿ, ಆ ತಾಣಕ್ಕಿರುವ ತಡೆಯನ್ನು ತೆಗೆದು ನೋಡಬೇಕು.

ಎರಡನೆಯದು: ಅದೇ ಪಾಠವನ್ನು ಅದೇ ಯಂತ್ರದಲ್ಲಿ ಬೇರೊಂದು ಬ್ರೌಸರ್‌ನಲ್ಲಿ ತೆರೆಯುವುದು. ಅಲ್ಲಿ ಕೇಳಿಸಿದರೆ ಮೊದಲ ಬ್ರೌಸರ್‌ನ ತಡೆ, ಕಡತದ ರೂಪ ಅಥವಾ ಹಳೆಯ ಆವೃತ್ತಿ ಕಾರಣ. ಕಲಿಕೆಯನ್ನು ಎರಡನೆಯ ಬ್ರೌಸರ್‌ನಲ್ಲಿ ಮುಂದುವರಿಸಬಹುದು.

ಮೂರನೆಯದು: ಅದೇ ಪಾಠವನ್ನು ಬೇರೊಂದು ಯಂತ್ರದಲ್ಲಿ, ಸಾಧ್ಯವಾದರೆ ಬೇರೊಂದು ಸಂಪರ್ಕದಲ್ಲಿ ತೆರೆಯುವುದು. ಅಲ್ಲಿಯೂ ಕೇಳಿಸದಿದ್ದರೆ ದೋಷವು ಪಾಠದ್ದೇ ಅಥವಾ ಸರ್ವರ್‌ನದ್ದೇ ಆಗಿರುವ ಸಂಭವ ಹೆಚ್ಚು. ಆಗ ಸದಸ್ಯರು ಸಂಕೋಚಪಡದೆ ದೂರು ಸಲ್ಲಿಸಬೇಕು.

ದೂರಿನಲ್ಲಿ ‘ಧ್ವನಿ ಬರುತ್ತಿಲ್ಲ’ ಎಂಬ ಒಂದೇ ಸಾಲಿದ್ದರೆ ಪರಿಹಾರ ತಡವಾಗುತ್ತದೆ. ಪಾಠದ ಹೆಸರು, ಧ್ವನಿ ನಿಂತ ನಿಮಿಷ, ಯಂತ್ರದ ಬಗೆ, ಬ್ರೌಸರ್‌ನ ಹೆಸರು ಮತ್ತು ಆವೃತ್ತಿ, ಮೂರು ಹೋಲಿಕೆಗಳ ಫಲಿತಾಂಶ ಇಷ್ಟನ್ನು ತಿಳಿಸಬೇಕು.

8. ಗ್ರಾಮ ಪಂಚಾಯತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಅ) ಸಾಮೂಹಿಕ ತರಬೇತಿ ಇರುವ ಹಿಂದಿನ ದಿನವೇ, ಸದಸ್ಯರು ಬಳಸುವ ಯಂತ್ರದಲ್ಲಿಯೇ, ಪಾಠದ ಮೊದಲ ಐದು ನಿಮಿಷಗಳನ್ನು ಕೇಳಿ ನೋಡಬೇಕು. ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿ ಬಿಟ್ಟು ಬರುವ ಸದಸ್ಯೆಯ ಅರ್ಧ ದಿನವು ಧ್ವನಿ ಹುಡುಕುವುದರಲ್ಲಿಯೇ ಕಳೆದುಹೋಗಬಾರದು.

ಆ) ಗ್ರಂಥಾಲಯ ಹಾಗೂ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಕನಿಷ್ಠ ಎರಡು ಬ್ರೌಸರ್‌ಗಳು ಹೊಸ ಆವೃತ್ತಿಯಲ್ಲಿ ಇರಬೇಕು. ಸುಸ್ಥಿತಿಯ ಒಂದು ಸ್ಪೀಕರ್, ಎರಡು ಇಯರ್‌ಫೋನ್‌ಗಳನ್ನು ಅಲ್ಲಿಯೇ ಇರಿಸುವುದು ಉಚಿತ.

ಇ) ಒಬ್ಬೊಬ್ಬರೇ ಕೇಳುವುದಕ್ಕಿಂತ ಐದಾರು ಸದಸ್ಯರು ಒಟ್ಟಿಗೆ ಕೇಳುವುದು ಲೇಸು. ಕೇಳಿದ ಮೇಲೆ ಒಬ್ಬರು ಸಾರಾಂಶ ಹೇಳಿದರೆ, ಯಾರಿಗೆ ಯಾವ ಭಾಗ ಕೇಳಿಸಲಿಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ.

ಈ) ಶ್ರವಣದೋಷವುಳ್ಳ ಸದಸ್ಯರಿದ್ದಲ್ಲಿ ಧ್ವನಿ ಸರಿಪಡಿಸಿದರೂ ಸಾಲದು. ಅಡಿಬರಹ ಅಥವಾ ಪಾಠದ ಲಿಖಿತ ಪ್ರತಿಯನ್ನು ತರಬೇತಿ ನೀಡುವವರಿಂದ ಕೋರಬೇಕು. ಇದು ಉಪಕಾರವಲ್ಲ, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಆಶಯಕ್ಕೆ ಅನುಗುಣವಾದ ಬೇಡಿಕೆ.

ಉ) ಮಾತು ಕೇಳಿಸದ ಪಾಠವನ್ನು ‘ಪೂರ್ಣ’ವೆಂದು ದಾಖಲಿಸಿ ಮುಂದೆ ಸಾಗಬಾರದು. ಆ ಪಾಠವನ್ನು ಗುರುತು ಹಾಕಿಟ್ಟು ಮತ್ತೆ ಕೇಳುವ ವ್ಯವಸ್ಥೆ ಮಾಡಬೇಕು.

9. ಎಚ್ಚರಿಕೆ

ಧ್ವನಿ ಬಾರದಿದ್ದಾಗ ‘ಈ ತಂತ್ರಾಂಶವನ್ನು ಇಳಿಸಿಕೊಳ್ಳಿ, ಧ್ವನಿ ಬರುತ್ತದೆ’ ಎಂಬ ಸೂಚನೆಗಳು ಪರದೆಯ ಮೇಲೆ ಮೂಡಬಹುದು. ಅವುಗಳನ್ನು ಒತ್ತಬಾರದು. ಈ ಪಾಠದಲ್ಲಿ ತಿಳಿಸಿದ ಬ್ರೌಸರ್ ಆಯ್ಕೆಗಳಿಗೆ ಹಣವಾಗಲಿ ಹೊಸ ತಂತ್ರಾಂಶವಾಗಲಿ ಬೇಕಿಲ್ಲ. ಸಹಾಯವಾಣಿಯವರೆಂದು ಹೇಳಿಕೊಳ್ಳುವ ಅಪರಿಚಿತರಿಗೆ ಒಟಿಪಿ ಹೇಳುವುದಾಗಲಿ, ಮೊಬೈಲಿನ ನಿಯಂತ್ರಣವನ್ನು ದೂರದಿಂದ ಒಪ್ಪಿಸುವುದಾಗಲಿ ಕೂಡದು. ಹಣಕಾಸಿನ ವಂಚನೆ ನಡೆದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

10. ಪುನರ್ಮನನ ಪ್ರಶ್ನೆಗಳು

1) ಚಿತ್ರ ಓಡುತ್ತಿದ್ದು ಮಾತು ಕೇಳಿಸದಿದ್ದಾಗ ಮೊದಲು ಮಾಡಬೇಕಾದ ಕಾರ್ಯವೇನು? ಎಲ್ಲಿ ಒತ್ತಬೇಕು?

2) ಆಪರೇಟರ್ ಅವರ ಕ್ರೋಮ್‌ನಲ್ಲಿ ತಾನಾಗಿ ಮಾತನಾಡುವ ಪಾಠವು ಹೊಸದಾಗಿ ತೆರೆದವರ ಕ್ರೋಮ್‌ನಲ್ಲಿ ಮೌನವಾಗಿರಲು ಕಾರಣವೇನು?

3) ಒಂದು ಪಾಠ ಕ್ರೋಮ್‌ನಲ್ಲಿ ಕೇಳಿಸುತ್ತದೆ, ಹಳೆಯ ಸಫಾರಿಯಲ್ಲಿ ಎಷ್ಟು ಒತ್ತಿದರೂ ಕೇಳಿಸುವುದಿಲ್ಲ. ದೋಷ ಯಾವ ಬಗೆಯದು? ಅದನ್ನು ಯಾರು ಸರಿಪಡಿಸಬೇಕು?

4) ಸಂಗೀತ ಕೇಳಿಸಿ ಮಾತು ಮಾತ್ರ ಕೇಳಿಸದಿದ್ದರೆ ಏನನ್ನು ಪರಿಶೀಲಿಸಬೇಕು?

5) ತಮ್ಮ ಗ್ರಾಮ ಪಂಚಾಯತಿಯ ಗಣಕಯಂತ್ರದಲ್ಲಿ ಯಾವ ಬ್ರೌಸರ್‌ಗಳಿವೆ, ಅವುಗಳ ಆವೃತ್ತಿ ಯಾವುದು, ಯಂತ್ರದ ದಿನಾಂಕ ಸರಿಯಿದೆಯೇ ಎಂಬುದನ್ನು ನೋಡಿ ಬರೆದುಕೊಳ್ಳಿರಿ.

ಐದನೆಯ ಪ್ರಶ್ನೆಯ ಉತ್ತರವನ್ನು ಸದಸ್ಯರು ಮುಂದಿನ ಸಾಮಾನ್ಯ ಸಭೆಗೆ ತಂದು ಚರ್ಚಿಸಿದಲ್ಲಿ, ಆ ಪಂಚಾಯತಿಯ ಮುಂದಿನ ತರಬೇತಿಯಲ್ಲಿ ಧ್ವನಿಯ ತೊಡಕಿನಿಂದ ಯಾವ ಸದಸ್ಯರೂ ಪಾಠ ಕೇಳದೆ ಮನೆಗೆ ಮರಳಬೇಕಾದ ಪ್ರಸಂಗ ಬಾರದಂತೆ ನೋಡಿಕೊಳ್ಳಬಹುದು.